ಹೊಂಗೆಯೋ ತಾವರೆಯೋ

ಮನೆ ಕಟ್ಟಿಸುವವರು ಇಟ್ಟಿಗೆ, ಸಿಮೆಂಟು, ಕಬ್ಬಿಣಗಳ ಲೆಕ್ಕದಲ್ಲಿ ಮುಳುಗಿರುವಾಗ ಗಿಡದ ಯೋಚನೆ ಬರುವುದಿಲ್ಲ. ಗೃಹಪ್ರವೇಶದ ಹೋಳಿಗೆಯೂಟ ಮುಗಿದು, ತೋರಣದ ಮಾವಿನೆಲೆ ಒಣಗಿ, ನೆಂಟರೆಲ್ಲ ಹೊರಟುಹೋದ ಮೇಲೆ, ಒಂದು ದಿನ ಇಳಿಹೊತ್ತಿನಲ್ಲಿ ಪಶ್ಚಿಮದ ಗೋಡೆಗೆ ಕೈಯೂರಿದಾಗ ಅದು ಕಾದ ಕಾವಲಿಯಂತೆ ಚುರುಗುಟ್ಟುತ್ತದೆ. ಆಗ ಗಿಡದ ನೆನಪಾಗುತ್ತದೆ. ಅಷ್ಟರೊಳಗೆ ನಿವೇಶನದ ಬಹುಭಾಗವನ್ನು ಮನೆಯೇ ನುಂಗಿರುತ್ತದೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮಿಕ್ಕುವುದು ಒಂದು ಸಣ್ಣ ಕೋಣೆಯಷ್ಟು ಮಣ್ಣು. ಆ ಮಣ್ಣಿನಲ್ಲಿ ಏನನ್ನು ಬೆಳೆಯಬೇಕೆಂಬುದರ ಬಗ್ಗೆ ಸಂಸಾರದಲ್ಲಿ ಚರ್ಚೆ ಹುಟ್ಟುತ್ತದೆ. ಕೆಲವು ವೇಳೆ ಜಗಳವೂ ಹುಟ್ಟುತ್ತದೆ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು. ಒಂದು ನೆರಳು ಬೇಕೆನ್ನುವ ಪಕ್ಷ, ಇನ್ನೊಂದು ನೀರೂ ಹೂವೂ ಬೇಕೆನ್ನುವ ಪಕ್ಷ. ಕನ್ನಡನಾಡಿನ ಬಯಲುಸೀಮೆಯಲ್ಲಿ ನೆರಳು ಎಂದೊಡನೆ ಬಾಯಿಗೆ ಬರುವ ಹೆಸರು ಹೊಂಗೆ. ಅದರ ನೆರಳನ್ನು ಹಳ್ಳಿಯ ಜನ ತಾಯಿಯ ಮಡಿಲಿಗೆ ಹೋಲಿಸುವುದುಂಟು. ನೀರಿನ ಹೂವು ಎಂದರೆ ತಾವರೆಯೇ ಸರಿ. ತಾವರೆಕೆರೆ ಎಂಬ ಹೆಸರಿನ ಊರುಗಳು ಈ ನಾಡಿನಲ್ಲಿ ಒಂದೆರಡಲ್ಲ.

ಕವಿಗಳನ್ನು ಕೇಳಿದರೆ ತೀರ್ಪು ತಾವರೆಯ ಕಡೆಗೇ ಹೋದೀತು. ಮಹಾಕಾವ್ಯಕ್ಕೆ ಬೇಕೆಂದು ಹಿಂದಿನವರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನವಿಹಾರವೂ ಉಂಟು, ಜಲಕ್ರೀಡೆಯೂ ಉಂಟು. ಅಶೋಕ, ಸಂಪಗೆ, ಮಾವುಗಳ ನಡುವೆ ಕೊಳವೊಂದನ್ನು ತೋಡಿ ತಾವರೆಯನ್ನು ಅರಳಿಸದೆ ಪ್ರಾಚೀನ ಕವಿಗೆ ಸಮಾಧಾನವಿಲ್ಲ. ಆ ಕಾವ್ಯೋದ್ಯಾನಗಳಲ್ಲಿ ಹೊಂಗೆ ಕಾಣಸಿಗುವುದು ಅಪರೂಪ. ಹೊಲದ ಬದುವಿನಲ್ಲಿಯೂ ಬಾವಿಯ ಕಟ್ಟೆಯ ಬಳಿಯಲ್ಲಿಯೂ ನಿಂತ ಮರ ಅರಮನೆಯ ತೋಟಕ್ಕೆ ಹೋಗಲಿಲ್ಲ. ಅದರ ಹೂವಿಗೆ ಕನ್ನಡ ಕಾವ್ಯದಲ್ಲಿ ಸರಿಯಾದ ಮನ್ನಣೆ ದೊರೆಯಲು ಬೇಂದ್ರೆಯವರ ‘ಯುಗಾದಿ’ಯವರೆಗೆ ಕಾಯಬೇಕಾಯಿತು. ಆದರೆ ಕಾವ್ಯದ ಕೊಳಕ್ಕೆ ನೀರು ತುಂಬುವ ಕಷ್ಟ ಕವಿಗಿಲ್ಲ. ಮನೆಯ ತೊಟ್ಟಿಗೆ ತುಂಬುವ ಕಷ್ಟ ಮನೆಯವರಿಗುಂಟು.

ಮೈಸೂರಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಮನೆ ಪಶ್ಚಿಮಕ್ಕೆ ಮುಖಮಾಡಿದೆ. ಮುಂದಿನ ಕೋಣೆ ಎಪ್ಪತ್ತೆಂಟು ವರ್ಷದ ತಾಯಿಯದು. ಮೂರು ಗಂಟೆಯ ಬಿಸಿಲು ನೇರವಾಗಿ ಆ ಕೋಣೆಯ ಗೋಡೆಗೆ ಬಡಿಯುತ್ತದೆ. ರಾತ್ರಿ ಹತ್ತರವರೆಗೂ ಗೋಡೆ ತಣ್ಣಗಾಗುವುದಿಲ್ಲ. ಮಗನಿಗೆ ಹೊಂಗೆಯ ಸಸಿಯೊಂದನ್ನು ನೆಡಬೇಕೆಂಬ ಹಂಬಲ. ಸೊಸೆ ಹುಟ್ಟಿ ಬೆಳೆದ ಊರಿನ ಕೆರೆಯಲ್ಲಿ ಒಂದು ಕಾಲದಲ್ಲಿ ನೀರು ಕಾಣದಷ್ಟು ತಾವರೆ ಇದ್ದಿತು. ಈಗ ಆ ಕೆರೆಯ ಅಂಗಳದಲ್ಲಿ ಮನೆಗಳು ಎದ್ದಿವೆ. ಆಕೆಗೆ ತೊಟ್ಟಿಯಲ್ಲಾದರೂ ಆ ಹೂವನ್ನು ಕಾಣುವ ಆಸೆ.

“ಹೊಂಗೆ ನೆಟ್ಟರೆ ಐದಾರು ವರ್ಷಗಳಲ್ಲಿ ಅಮ್ಮನ ಕೋಣೆ ತಣ್ಣಗಾಗುತ್ತದೆ ನೋಡು” ಎಂದು ಗಂಡ.

“ಏನೂಂದ್ರೆ, ಐದಾರು ವರ್ಷವೆ? ಅತ್ತೆಯವರಿಗೆ ಈಗಲೇ ಎಪ್ಪತ್ತೆಂಟು. ತಾವರೆಯಾದರೆ ಈ ಶ್ರಾವಣಕ್ಕೋ ಬರುವ ಶ್ರಾವಣಕ್ಕೋ ಅವರ ಕೈಯಿಂದಲೇ ದೇವರಿಗೆ ಏರಿಸಬಹುದಲ್ಲ” ಎಂದು ಹೆಂಡತಿ.

ಒಳಗಿನಿಂದ ತಾಯಿಯ ದನಿ: “ಎರಡನ್ನೂ ಹಾಕಪ್ಪ, ಬೇಡ ಅನ್ನುವವರು ಯಾರು? ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹೊರುವವರು ಯಾರು ಅನ್ನೋದನ್ನ ಮೊದಲು ತೀರ್ಮಾನ ಮಾಡಿ.”

ಇಲ್ಲಿ ಮೂವರ ಮಾತಿನಲ್ಲಿಯೂ ನ್ಯಾಯವಿದೆ. ಹೊಂಗೆ ಕೇಳುವುದು ಕಾಲವನ್ನು, ತಾವರೆ ಕೇಳುವುದು ನಿತ್ಯದ ನಿಗಾವನ್ನು. ಇವೆರಡರ ಲೆಕ್ಕ ತಿಳಿದ ಮೇಲೆಯೇ ಸಸಿಯನ್ನೋ ಗೆಡ್ಡೆಯನ್ನೋ ತರುವುದು ಲೇಸು.

ಮೊದಲು ಮರದ ಮಾತು. ಹೊಂಗೆ ದ್ವಿದಳಧಾನ್ಯಗಳ ಕುಲಕ್ಕೆ ಸೇರಿದ್ದು. ತೊಗರಿ, ಅವರೆಗಳಂತೆ ಇದರ ಬೇರಿನ ಗಂಟುಗಳಲ್ಲಿಯೂ ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಆದಕಾರಣ ಬಡ ಮಣ್ಣಿನಲ್ಲಿಯೂ ಇದು ಬದುಕೀತು; ಗೊಬ್ಬರಕ್ಕಾಗಿ ಕೈಚಾಚುವುದಿಲ್ಲ. ಮೊದಲ ಎರಡು ಮೂರು ಬೇಸಿಗೆಗಳಲ್ಲಿ ನೀರು ಹಾಕಿ, ದನ ಆಡುಗಳಿಂದ ಕಾಪಾಡಿದರೆ ಅಲ್ಲಿಂದ ಮುಂದೆ ಅದರ ಪಾಡು ಅದಕ್ಕೆ. ಇದರ ಇನ್ನೊಂದು ಗುಣವನ್ನು ಗೃಹಸ್ಥರು ವಿಶೇಷವಾಗಿ ಗಮನಿಸಬೇಕು. ಚಳಿಗಾಲದ ಕೊನೆಯಲ್ಲಿ, ಬಿಸಿಲು ಹಿತವಾಗಿರುವಾಗ, ಹೊಂಗೆ ಎಲೆಯುದುರಿಸುತ್ತದೆ. ಬಿಸಿಲು ಬಲಿಯುವ ಹೊತ್ತಿಗೆ ಎಳೆಯ ಹಸಿರನ್ನು ಹೊದ್ದು ನಿಂತಿರುತ್ತದೆ. ನೆರಳು ಬೇಕಾದಾಗ ನೆರಳು, ಬೇಡವಾದಾಗ ಬಿಸಿಲು! ಇಷ್ಟು ಲೋಕಜ್ಞಾನವುಳ್ಳ ಮರಗಳು ಹೆಚ್ಚಿಲ್ಲ. ಎಲೆಯ ಮೇಲೆ ಕೆಲವೊಮ್ಮೆ ಸಣ್ಣ ಗಂಟುಗಳು ಏಳುತ್ತವೆ. ಅದು ಕಣ್ಣಿಗೆ ಕಾಣದಷ್ಟು ಕಿರಿದಾದ ನುಸಿಯ ಕೆಲಸ. ಮರಕ್ಕೆ ಅದರಿಂದ ಪ್ರಾಣಾಪಾಯವಿಲ್ಲ.

ಹೂವಿನ ಕಾಲದಲ್ಲಿ ಬಿಳುಪೂ ನಸುನೇರಿಳೆಯೂ ಬೆರೆತ ಪುಟ್ಟ ಹೂಗಳು ಗೊಂಚಲು ಗೊಂಚಲಾಗಿ ಬಿಟ್ಟು, ಉದುರಿ, ಅರಳುಗಳನ್ನು ಚೆಲ್ಲಿದಂತೆ ನೆಲವನ್ನು ಮುಚ್ಚುತ್ತವೆ. ಜೇನುಹುಳುಗಳ ಸದ್ದು ಮನೆಯೊಳಗೂ ಕೇಳಿಸುತ್ತದೆ. ಆಮೇಲೆ ಕಾಯಿ, ಸಾಮಾನ್ಯವಾಗಿ ಒಂದು ಕಾಯಿಯೊಳಗೆ ಒಂದೇ ಬೀಜ. ಬೀಜದ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಎಣ್ಣೆ. ವಿದ್ಯುದ್ದೀಪ ಬರುವ ಮುನ್ನ ಹಳ್ಳಿಯ ಹಣತೆಗಳಲ್ಲಿ ಉರಿಯುತ್ತಿದ್ದ ಎಣ್ಣೆಗಳಲ್ಲಿ ಇದೂ ಒಂದು. ಕಹಿಯಾದುದರಿಂದ ಅಡಿಗೆಗೆ ಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಇದೇ ಎಣ್ಣೆಯಿಂದ ಎಂಜಿನ್ನುಗಳನ್ನು ನಡೆಸಿ ಹೊಲಗಳಿಗೆ ನೀರೆತ್ತಿಸಿದರು. ಮನೆಯ ಮುಂದಿನ ಒಂದು ಮರದಿಂದ ಎಂಜಿನ್ನು ಓಡದು, ನಿಜ; ಬಿದ್ದ ಎಲೆಯಾದರೂ ಗೊಬ್ಬರದ ಗುಂಡಿಗೆ ಬಂದೀತು.

ಇನ್ನು ಮರದ ತೊಂದರೆಗಳು. ಹೊಂಗೆ ಐವತ್ತು ಅಡಿಯವರೆಗೂ, ಅದಕ್ಕೆ ಮೀರಿಯೂ ಬೆಳೆಯಬಲ್ಲದು. ಬೇರು ಬದಿಗೆ ಬಹುದೂರ ಹಬ್ಬುತ್ತದೆ. ಗೋಡೆಯಿಂದ ನಾಲ್ಕಡಿ ದೂರದಲ್ಲಿ ನೆಟ್ಟು, ಹತ್ತು ವರ್ಷಗಳ ಮೇಲೆ ಕಾಂಪೌಂಡು ಬಿರಿಯಿತೆಂದು ಮರವನ್ನು ದೂರುವುದು ಅನ್ಯಾಯ. ಬೆಳೆದ ಮೇಲೆ ಕಡಿಸಿದರಾಯಿತು ಎನ್ನುವ ಹಾಗೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಸೊಸೆಯನ್ನು ಮನೆಗೆ ತರುವಾಗ ಮಾಡುವಷ್ಟು ವಿಚಾರವನ್ನು ಮರವನ್ನು ತರುವಾಗಲೂ ಮಾಡಬೇಕು.

ಈಗ ತಾವರೆಯ ಕಡೆಗೆ. ಇದು ಭಾರತದ ರಾಷ್ಟ್ರೀಯ ಪುಷ್ಪ; ಕರ್ನಾಟಕದ ರಾಜ್ಯಪುಷ್ಪವೂ ಇದೇ. ನೈದಿಲೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕೊಳ್ಳುವವರು ಮೊದಲು ತಿಳಿಯಬೇಕು. ಏಕೆಂದರೆ ಮಾರುವವರು ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದುಂಟು. ನೈದಿಲೆಯ ಎಲೆ ಸೀಳಿದಂತಿದ್ದು ನೀರಿನ ಮೇಲೆ ತೇಲುತ್ತದೆ. ತಾವರೆಯ ಎಲೆ ಸೀಳಿಲ್ಲದ ದುಂಡನೆಯ ತಟ್ಟೆ. ಮೊದಲ ಕೆಲವೆಲೆಗಳು ತೇಲಿದರೂ ಆಮೇಲಿನವು ಕೊಡೆಯಂತೆ ನೀರಿನಿಂದ ಮೇಲೆದ್ದು ನಿಲ್ಲುತ್ತವೆ. ಆ ಎಲೆಗೆ ನೀರು ಅಂಟುವುದಿಲ್ಲ. ಎಲೆಯ ಮೇಲ್ಮೈಯಲ್ಲಿ ಮೇಣದ ಲೇಪವುಳ್ಳ ಅತಿ ಸೂಕ್ಷ್ಮವಾದ ಉಬ್ಬುಗಳಿರುವುದೇ ಅದಕ್ಕೆ ಕಾರಣವೆಂದೂ, ಉರುಳುವ ಹನಿ ಧೂಳನ್ನೂ ಎತ್ತಿಕೊಂಡು ಹೋಗಿ ಎಲೆಯನ್ನು ಶುಚಿಯಾಗಿಡುತ್ತದೆಂದೂ ಜರ್ಮನಿಯ ಸಸ್ಯಶಾಸ್ತ್ರಜ್ಞ ಬಾರ್ಟ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ವಿವರಿಸಿದರು. ಕೆಸರಿನಲ್ಲಿದ್ದೂ ಕೆಸರು ಅಂಟದ ಗುಟ್ಟು ಅಷ್ಟೇ.

ಹೂವಿನ ವಿಚಾರ ಇನ್ನೂ ವಿಚಿತ್ರ. ಹೊಂಗೆ ತನ್ನ ಸುತ್ತಲನ್ನು ತಂಪುಗೊಳಿಸಿದರೆ ತಾವರೆಯ ಹೂವು ತನ್ನನ್ನು ತಾನೇ ಕಾಯಿಸಿಕೊಳ್ಳುತ್ತದೆ! ಆಸ್ಟ್ರೇಲಿಯದ ಅಡಿಲೇಡ್ ನಗರದ ಸಸ್ಯೋದ್ಯಾನದಲ್ಲಿ ನಡೆದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಹೊರಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಾಗಲೂ ಅರಳುವ ತಾವರೆಯ ಒಳಗೆ 30 ಡಿಗ್ರಿಗೂ ಮಿಗಿಲಾದ ಬಿಸುಪು ಇದ್ದುದು ಅಲ್ಲಿ ಕಂಡುಬಂದಿತು. ರಾತ್ರಿಯಲ್ಲಿ ಹೂವಿನೊಳಗೆ ತಂಗುವ ದುಂಬಿಗಳಿಗೆ ಅದು ಬೆಚ್ಚನೆಯ ಬಿಡಾರವಾಗುತ್ತದೆಂದು ಊಹೆ. ತಾವರೆಯಲ್ಲಿ ಸೆರೆಯಾದ ದುಂಬಿಯ ಬಗ್ಗೆ ಕನಿಕರಪಟ್ಟ ಕವಿಗಳಿಗೆ, ದುಂಬಿ ಅಲ್ಲಿ ಸುಖವಾಗಿಯೇ ಇದ್ದಿತೆಂಬುದು ತಿಳಿಯಲಿಲ್ಲ.

ಇಷ್ಟೆಲ್ಲ ಸೊಬಗಿನ ಹೂವು ಮೂರು ನಾಲ್ಕು ದಿನಗಳಲ್ಲಿ ದಳ ಕಳಚುತ್ತದೆ. ಆದರೆ ಬೀಜದ ಆಯುಸ್ಸು ಬೇರೆ. ಜಪಾನಿನ ಚೀಬಾದಲ್ಲಿ 1951ರಲ್ಲಿ ಓಗಾ ಇಚಿರೊ ಎಂಬ ವಿದ್ವಾಂಸರು ನೆಲದಡಿಯಿಂದ ತೆಗೆಯಿಸಿದ, ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ಎಣಿಸಲಾದ ಬೀಜಗಳಲ್ಲಿ ಒಂದು ಮೊಳೆತು ಮರುವರ್ಷ ಹೂಬಿಟ್ಟಿತು. ಚೀನದ ಬತ್ತಿದ ಕೆರೆಯೊಂದರ ಮಣ್ಣಿನಲ್ಲಿ ದೊರೆತು ಮೊಳೆತ ಇನ್ನೊಂದು ಬೀಜದ ವಯಸ್ಸನ್ನು ಸುಮಾರು 1,300 ವರ್ಷವೆಂದು 1995ರಲ್ಲಿ ಪ್ರಕಟಿಸಲಾಯಿತು. ಹೊಂಗೆಯ ಬೀಜಕ್ಕೆ ಈ ತಾಳ್ಮೆಯಿಲ್ಲ. ಸುಮಾರು ಒಂದು ವರ್ಷದಲ್ಲಿಯೇ ಅದರ ಮೊಳೆಯುವ ಶಕ್ತಿ ಕುಂದಿಹೋಗುತ್ತದೆ. ನೂರು ವರ್ಷ ನಿಲ್ಲಬಲ್ಲ ಮರದ ಬೀಜಕ್ಕೆ ವರ್ಷದ ಆಯುಸ್ಸು, ನಾಲ್ಕು ದಿನದ ಹೂವಿನ ಬೀಜಕ್ಕೆ ಸಾವಿರ ವರ್ಷದ್ದು.

ಇವೆರಡೂ ಒಂದಕ್ಕೊಂದು ಪರಕೀಯವೆಂದು ಭಾವಿಸುವವರಿಗೆ ಸಸ್ಯಶಾಸ್ತ್ರ ಒಂದು ಅಚ್ಚರಿಯನ್ನು ಕಾದಿರಿಸಿದೆ. ತಾವರೆಯೂ ನೈದಿಲೆಯೂ ದಾಯಾದಿಗಳೆಂದು ಬಹುಕಾಲ ನಂಬಲಾಗಿತ್ತು. 1990ರ ದಶಕದಿಂದೀಚೆಗೆ ಸಸ್ಯಗಳ ಆನುವಂಶಿಕ ದ್ರವ್ಯವನ್ನೇ ಹೋಲಿಸಿ ನೋಡಿದಾಗ ಆ ನೆಂಟಸ್ತಿಕೆ ಸುಳ್ಳೆಂದಾಯಿತು. ಬದುಕಿರುವ ಸಸ್ಯಗಳಲ್ಲಿ ತಾವರೆಯ ಹತ್ತಿರದ ಬಂಧುಗಳು ನೀರಿನಲ್ಲಿಲ್ಲ, ನೆಲದ ಮೇಲಿವೆ. ಅವು ನೆರಳಿನ ಮರಗಳು! ಒಂದು, ಕಾಶ್ಮೀರದ ಚಿನಾರ್ ಮರದ ಕುಲ. ಇನ್ನೊಂದು, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿರುವ ಸಿಲ್ವರ್ ಓಕ್ ಮರದ ಕುಲ. ಕೋಟ್ಯಂತರ ವರ್ಷಗಳ ಹಿಂದೆ ಪಾಲಾದ ಮನೆತನವಾದುದರಿಂದ ಮುಖದಲ್ಲಿ ಹೋಲಿಕೆ ಉಳಿದಿಲ್ಲ. ಶ್ರೀನಗರದ ದಾಲ್ ಸರೋವರದಲ್ಲಿ ಮಾತ್ರ ಬಂಧುಗಳು ಒಟ್ಟಿಗೆ ಕಾಣಸಿಗುತ್ತಾರೆ. ದಡದಲ್ಲಿ ಚಿನಾರ್, ನೀರಿನಲ್ಲಿ ತಾವರೆ. ಅಲ್ಲಿಯ ಜನ ಒಂದರ ನೆರಳಿನಲ್ಲಿ ಕುಳಿತು ಇನ್ನೊಂದರ ದಂಟುಗೆಡ್ಡೆಯನ್ನು ‘ನದ್ರು’ ಎಂಬ ಹೆಸರಿನಿಂದ ಅಡಿಗೆ ಮಾಡಿ ಉಣ್ಣುತ್ತಾರೆ.

ಸರೋವರದಲ್ಲಿ ಸಾಧ್ಯವಾದುದು 30 ಅಡಿಗೆ 40 ಅಡಿಯಲ್ಲಿ ಸಾಧ್ಯವೆ? ಇಲ್ಲಿಯೇ ತೊಡಕು. ತಾವರೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅದಿಲ್ಲದಿದ್ದರೆ ಎಲೆ ಬಂದೀತು, ಹೂವು ಬಾರದು. ಹೊಂಗೆಯ ಕೆಲಸವೇ ಆ ಬಿಸಿಲನ್ನು ತಡೆಯುವುದು. ಗಂಡಹೆಂಡಿರ ವಾದವೆಲ್ಲ ಮಣ್ಣಿನ ಮೇಲೆ ನಡೆದಂತೆ ಕಂಡರೂ ನಿಜವಾಗಿ ನಡೆದಿರುವುದು ಬಿಸಿಲಿನ ಪಾಲಿಗಾಗಿ. ಮರದ ಕೆಳಗೆ ತೊಟ್ಟಿಯಿಟ್ಟು ಎರಡನ್ನೂ ಸಾಧಿಸಿದೆವೆಂದುಕೊಳ್ಳುವವರು ಎರಡನೆಯ ವರ್ಷಕ್ಕೆ ತಾವರೆಯನ್ನು ಕಳೆದುಕೊಳ್ಳುತ್ತಾರೆ. ಉದುರಿದ ಎಲೆ ಹೂಗಳು ನೀರಿನಲ್ಲಿ ಕೊಳೆತು ನಾರುವುದು ಬೇರೆ. ಅಷ್ಟೇ ಅಲ್ಲ, ಹೊಂಗೆಯ ಬೀಜವನ್ನೂ ಬೇರನ್ನೂ ಅರೆದು ಹೊಳೆಗೆ ಹಾಕಿ ಮೀನನ್ನು ಮತ್ತೇರಿಸಿ ಹಿಡಿಯುವ ಪದ್ಧತಿ ಹಿಂದೆ ಇದ್ದಿತು. ತೊಟ್ಟಿಯಲ್ಲಿ ಮೀನು ಬಿಡುವವರು ಇದನ್ನು ಮರೆಯಬಾರದು.

ಮೀನನ್ನಂತೂ ಬಿಡಲೇಬೇಕು. ನಿಂತ ನೀರಿನಲ್ಲಿ ಒಂದು ವಾರ ಹತ್ತು ದಿನಗಳೊಳಗೆ ಸೊಳ್ಳೆಯ ಒಂದು ತಲೆಮಾರು ಹುಟ್ಟಿ ಹಾರಿಹೋಗುತ್ತದೆ. ಡೆಂಗೆಯನ್ನು ಹರಡುವ ಸೊಳ್ಳೆ ಮನೆಯಂಗಳದ ತಿಳಿನೀರನ್ನೇ ಹುಡುಕಿಕೊಂಡು ಬರುವಂಥದು. ನಾಲ್ಕಾರು ಗಪ್ಪಿ ಮೀನುಗಳಿದ್ದರೆ ಸೊಳ್ಳೆಮರಿಗಳನ್ನು ಅವು ತಿಂದು ಮುಗಿಸುತ್ತವೆ. ಹಾಲುಗಲ್ಲದ ಮಗುವಿರುವ ಮನೆಯಲ್ಲಿ ನೆಲಮಟ್ಟದ ಕೊಳವನ್ನು ತೋಡುವ ಮಾತನ್ನೇ ಎತ್ತಬಾರದು.

ತಾಯಿ ಕೇಳಿದ ಕೊಡದ ಲೆಕ್ಕವೂ ಸರಿಯಾದದ್ದೇ. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ತೆರೆದ ನೀರು ದಿನಕ್ಕೆ ಆರೇಳು ಮಿಲಿಮೀಟರಿನಷ್ಟು ಆವಿಯಾಗುತ್ತದೆ. ಆರಡಿ ಉದ್ದ ನಾಲ್ಕಡಿ ಅಗಲದ ಕೊಳವಾದರೆ ದಿನಕ್ಕೆ ಸುಮಾರು 15 ಲೀಟರು, ಎಂದರೆ ಒಂದು ಕೊಡ. ಬಾವಿಯಿದ್ದ ಕಾಲದಲ್ಲಿ ಇದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ 2024ರ ಮಾರ್ಚಿಯ ಬರದಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣವನ್ನಾಗಿಯೂ ಸಂಪಂಗಿ ಕೆರೆಯನ್ನು ಕ್ರೀಡಾಂಗಣವನ್ನಾಗಿಯೂ ಮಾಡಿಕೊಂಡ ನಗರದಲ್ಲಿ ತಾವರೆಗೆ ಒಂದು ಕೊಡ ನೀರೂ ದುಬಾರಿಯಾದದ್ದು ಸೋಜಿಗವಲ್ಲ.

ಇಂಥ ಸಂದರ್ಭದಲ್ಲಿ ನೆಲವನ್ನು ಮರಕ್ಕೆ ಬಿಟ್ಟು, ಬಿಸಿಲಿರುವ ತಾರಸಿಯನ್ನು ತಾವರೆಗೆ ಕೊಡುವುದೇ ಸರಿಯಾದ ಪಾಲುಪಟ್ಟಿ. ನೆಲದ ಮೇಲೆ ಕೊಳವನ್ನು ತೋಡಿ ಮರವನ್ನು ಕೈಬಿಡುವುದು ಪಶ್ಚಿಮದ ಗೋಡೆಯುಳ್ಳ ಮನೆಗೆ ತಕ್ಕುದಲ್ಲ. ಮರವನ್ನು ಯಾವ ದಿಕ್ಕಿಗೆ ನೆಡಬೇಕೆಂಬುದರಲ್ಲಿ ಅನೇಕರು ಎಡವುತ್ತಾರೆ. ಏಪ್ರಿಲಿನ ಮೂರನೆಯ ನಾಲ್ಕನೆಯ ವಾರಗಳಲ್ಲಿ ಮೈಸೂರು ಬೆಂಗಳೂರುಗಳಲ್ಲಿ ಸೂರ್ಯ ನಡುಹಗಲಿಗೆ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇಲ್ಲದ ದಿನವೊಂದು ಆಗ ಒದಗುತ್ತದೆ. ಅಲ್ಲಿಂದ ಆಗಸ್ಟಿನ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕಿರುತ್ತಾನೆ. ಆದುದರಿಂದ ಮನೆಯ ದಕ್ಷಿಣಕ್ಕೆ ನೆಟ್ಟ ಮರದಿಂದ ಬೇಸಿಗೆಯಲ್ಲಿ ಗೋಡೆಗೆ ಪ್ರಯೋಜನ ಕಡಮೆ. ಪಶ್ಚಿಮದ ಮರವೇ ಮರ. ಗೋಡೆಯಿಂದ ಹದಿನೈದು ಅಡಿಯಾದರೂ ದೂರವಿರಬೇಕು. ಅಂಗಳದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ನಗರಸಭೆಯವರ ಒಪ್ಪಿಗೆ ಪಡೆದು, ವಿದ್ಯುತ್ ತಂತಿಗಳಿಲ್ಲದ ಬದಿಯನ್ನು ನೋಡಿ, ರಸ್ತೆಯಂಚಿನಲ್ಲಿ ನೆಡಬಹುದು. ತರಕಾರಿಯ ಗಾಡಿಯವನೂ ಅಂಚೆಯವನೂ ಅದರಡಿಯಲ್ಲಿ ಒಂದು ಗಳಿಗೆ ನಿಂತರೆ ಮನೆಯವರಿಗೇನೂ ನಷ್ಟವಿಲ್ಲ.

ಐದಾರು ವರ್ಷ ಕಾಯುವಷ್ಟು ಸಮಯವಿಲ್ಲದ ಹಿರಿಯರಿರುವ ಮನೆಯಲ್ಲಿ, ಸಸಿ ಬೆಳೆಯುವವರೆಗೆ ಕಿಟಕಿಯ ಹೊರಗೆ ಲಾವಂಚದ ತಟ್ಟಿಯನ್ನೋ ತೆಂಗಿನ ಗರಿಯ ಚಪ್ಪರವನ್ನೋ ಕಟ್ಟಿಸಬೇಕು. ಮರ ನೆಟ್ಟಿದ್ದೇವೆಂಬ ಸಮಾಧಾನದಲ್ಲಿ ಈ ಬೇಸಿಗೆಯ ಸೆಕೆಯನ್ನು ಅವರ ಪಾಲಿಗೆ ಬಿಡುವುದು ತರವಲ್ಲ.

ತಾವರೆಗೆ ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ, ತಳದಲ್ಲಿ ತೂತಿಲ್ಲದ ದುಂಡನೆಯ ಬಾನಿ ಸಾಕು. ದೊಡ್ಡ ಜಾತಿಯ ತಾವರೆಗೆ ಇದು ಇಕ್ಕಟ್ಟು. ಬಾನಿಗೆಂದೇ ಬೆಳೆಸಿದ ಗಿಡ್ಡ ಜಾತಿಗಳನ್ನು ಕೇಳಿ ಪಡೆಯಬೇಕು. ಇಷ್ಟು ಅಗಲದ ಬಾನಿ ಏಪ್ರಿಲಿನಲ್ಲಿ ದಿನಕ್ಕೆ ಎರಡು ಲೀಟರಿನಷ್ಟು ನೀರು ಕೇಳೀತು. ಎಲೆಗಳು ಕುಡಿಯುವುದನ್ನು ಸೇರಿಸಿದರೂ ಕೊಡ ಹೊರುವ ಮಾತಿಲ್ಲ. ಮಣ್ಣೂ ನೀರೂ ತುಂಬಿದ ಬಾನಿ 150 ಕಿಲೋಗ್ರಾಮಿಗೂ ಮೀರಿ ತೂಗುವುದರಿಂದ ಅದನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆ ಬಂದಿರುವ ಕಡೆ ಇರಿಸಬೇಕು. ತಳಕ್ಕೆ ಆರೇಳು ಅಂಗುಲ ಕೆರೆಗೋಡು ಅಥವಾ ಜೇಡಿಮಣ್ಣು. ಹೂಕುಂಡದ ಹಗುರ ಮಣ್ಣು ಬೇಡ, ತೇಲಿಬಿಡುತ್ತದೆ. ಹೊಂಗೆಯ ಹಿಂಡಿ ಗಿಡಗಳಿಗೆ ಒಳ್ಳೆಯ ಗೊಬ್ಬರವೇ ಆದರೂ ಮೀನಿರುವ ಈ ಬಾನಿಗೆ ಸಲ್ಲದು. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ತುದಿಯ ಮೊಳಕೆ ಮುರಿಯದಂತೆ ಎಚ್ಚರವಹಿಸಿ, ಮೊಳಕೆಯನ್ನು ಹೊರಗೆ ಬಿಟ್ಟು ಮಣ್ಣು ಮುಚ್ಚಬೇಕು. ಮೇಲೆ ಮೊದಲು ನಾಲ್ಕಂಗುಲ ನೀರು; ಎಲೆ ಏಳುತ್ತ ಬಂದಂತೆ ಇನ್ನಷ್ಟು. ಬೀಜದಿಂದ ಬೆಳೆಸುವವರು ಅದರ ಗಟ್ಟಿ ಸಿಪ್ಪೆಯನ್ನು ಒಂದು ತುದಿಯಲ್ಲಿ ಅರದಿಂದ ಉಜ್ಜಿ, ಒಳಗಿನ ಬಿಳುಪು ಕಂಡೊಡನೆ ನಿಲ್ಲಿಸಿ ನೀರಿನಲ್ಲಿ ನೆನೆಹಾಕಬೇಕು. ನೀರನ್ನು ದಿನವೂ ಬದಲಾಯಿಸಿದರೆ ವಾರದೊಳಗೆ ಹಸಿರು ಮೊಳಕೆ ಕಾಣುತ್ತದೆ. ಚಳಿಗಾಲದಲ್ಲಿ ಎಲೆಗಳು ಕಂದಿ ಒಣಗಿದಾಗ ಗಿಡ ಸತ್ತಿತೆಂದು ಬಾನಿಯನ್ನು ಬರಿದು ಮಾಡುವವರುಂಟು. ಗೆಡ್ಡೆ ಕೆಸರಿನಲ್ಲಿ ಮಲಗಿರುತ್ತದೆ. ಬಾನಿಯಲ್ಲಿ ನೀರು ಆರದಂತೆ ನೋಡಿಕೊಂಡರೆ ಶಿವರಾತ್ರಿ ಕಳೆದ ಮೇಲೆ ಮತ್ತೆ ಏಳುತ್ತದೆ.

ಗೆಡ್ಡೆಯನ್ನು ನೆಡಲು ಫೆಬ್ರವರಿ ಮಾರ್ಚಿ ತಿಂಗಳುಗಳು ಒಳ್ಳೆಯವು. ಹೊಂಗೆಯ ಸಸಿಗೆ ಎರಡಡಿ ಉದ್ದಗಲ ಆಳದ ಗುಂಡಿಯನ್ನು ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಟ್ಟು, ಜೂನಿನಲ್ಲಿ ಎರಡು ಹದಮಳೆ ಬಿದ್ದ ಮೇಲೆ ನೆಡಬೇಕು.